ಅಕ್ಕುವಿನ ಪಾಲಿನ ತಪ್ಪು

ನಾಯಿ ಸುಧಾಕರಣ್ಣನದು. ಹಲ್ಲು ನಾಯಿಯದು. ಕಾಲು ಅಕ್ಕುವಿನದು. ತಪ್ಪು ಮಾತ್ರ ಸಮಪಾಲು. ಹಾಗಂತ ಬ್ರಹ್ಮಾವರದ ಒಂದು ಮನೆಯ ಎದುರಿನ ಜಗಲಿಯಲ್ಲಿ, ತಂಪು ಸಿಟೌಟಿನಲ್ಲಿ ಕೂತು ತಿಳಿದವರು ತೀರ್ಮಾನ ಮಾಡಿದರು. ನಾನೂ ಅಲ್ಲೇ ಇದ್ದೆ. ಕೂತಿರಲಿಲ್ಲ, ನಿಂತಿದ್ದೆ. ಕುರ್ಚಿಗಳೆಲ್ಲ ತಿಳಿದವರಿಗೇ ಬೇಕಾಗಿದ್ದವು.

ನಾನು ವನಜ. ಕಡಲಬದಿಯ ಕೋಡಿಯವಳು, ಮೀನು ಮಾರುವವಳು. ಪಿಯುಸಿವರೆಗೆ ಓದಿದ್ದೇನೆ. ಓದಿದ್ದೇನೆಂದು ನನ್ನ ಬಂಗುಡೆಗೆ ಯಾರೂ ಹೆಚ್ಚು ಕೊಡಲಿಲ್ಲ. ಇದನ್ನು ಬರೆಯುವುದಕ್ಕೆ ಉಪಯೋಗವಾಯಿತು, ಅಷ್ಟೆ. ಅಕ್ಕು ನನ್ನ ಚಿಕ್ಕಿ, ಅಮ್ಮನ ತಂಗಿ. ಈ ಕಸುಬು ಕಲಿಸಿದವಳು ಅವಳೇ. ಸಿಂಬಿ ಹೇಗೆ ಸುತ್ತಬೇಕು, ತಲೆಯ ಮೇಲಿನ ಭಾರ ಕುತ್ತಿಗೆ ಮುರಿಯದ ಹಾಗೆ ಹೇಗೆ ನಡೆಯಬೇಕು, ಮಂಜುಗಡ್ಡೆಯ ನೀರು ಕಿವಿಯ ಹಿಂದಿನಿಂದ ಇಳಿದು ರವಿಕೆಯೊಳಗೆ ಹೋಗುವಾಗ ಮುಖ ಸಿಂಡರಿಸದೆ ಹೇಗೆ ವ್ಯಾಪಾರ ಮಾಡಬೇಕು, ಎಲ್ಲ ಅವಳು ಹೇಳಿಕೊಟ್ಟದ್ದು. ಬೆಳಿಗ್ಗೆ ಮೀನು ಕೊಂಡು ಬಸ್ಸು ಹತ್ತುತ್ತೇವೆ. ಕಂಡಕ್ಟರ್ ಬುಟ್ಟಿಯನ್ನು ಹಿಂದೆ ಇಡಿಸುತ್ತಾನೆ, ನಮ್ಮನ್ನೂ ಹಿಂದೆಯೇ ನಿಲ್ಲಿಸುತ್ತಾನೆ. ಬ್ರಹ್ಮಾವರದಲ್ಲಿ ಇಳಿದು ಅವಳು ಒಂದು ಓಣಿ ಹಿಡಿದರೆ ನಾನು ಇನ್ನೊಂದು. ಆ ಓಣಿಗಳಲ್ಲಿಯೂ ನಮ್ಮ ಜಾಗ ಹಿಂದೆಯೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೀನಿನವಳು ಎದುರು ಗೇಟು ತೆರೆಯುವುದಿಲ್ಲ. ಕಂಪೌಂಡಿನ ಪಕ್ಕದಲ್ಲಿ ಬಳಸಿಕೊಂಡು, ಬಚ್ಚಲ ನೀರು ಹರಿಯುವ ತೋಡು ದಾಟಿ, ಹಿತ್ತಿಲಿನ ಸಣ್ಣ ಗೇಟು ದೂಡಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬುಟ್ಟಿ ಇಳಿಸಬೇಕು. ಇದು ಯಾವ ಕಾಯಿದೆಯಲ್ಲೂ ಬರೆದಿಲ್ಲ. ಬರೆದ ಕಾಯಿದೆಗಳನ್ನೆಲ್ಲ ಮುರಿಯುವವರು ಇದೊಂದನ್ನು ಮುರಿದದ್ದು ನಾನು ನೋಡಿಲ್ಲ. ಮೀನು ಅಡುಗೆಮನೆಗೆ ಹೋಗುತ್ತದೆ, ಊಟದ ಮೇಜಿಗೆ ಹೋಗುತ್ತದೆ, ಬೆರಳು ಚೀಪುವವರ ಬಾಯಿಗೂ ಹೋಗುತ್ತದೆ. ಆಗೆಲ್ಲ ವಾಸನೆ ಇಲ್ಲ. ಅದನ್ನು ಹೊತ್ತು ತಂದವಳ ಪಾದ ಎದುರಿನ ಗ್ರಾನೈಟಿಗೆ ತಾಗಿದರೆ ಮನೆಯೆಲ್ಲ ನಾರುತ್ತದೆ.

ಸುಧಾಕರಣ್ಣನದು ಸಿಮೆಂಟು, ಕಬ್ಬಿಣದ ವ್ಯಾಪಾರ. ಮನೆಯ ಹೆಸರು ಕಾರುಣ್ಯ. ಮನೆ ಹೊಸದರಲ್ಲಿ ಅಕ್ಕು ತಿಳಿಯದೆ ಎದುರಿನ ಬೆಲ್ ಒತ್ತಿದ್ದಳು. ಸುಧಾಕರಣ್ಣನ ಹೆಂಡತಿ ಚಂದ್ರಮತಿ ಬಾಗಿಲು ತೆರೆದು, ಮೂಗಿನ ಹತ್ತಿರ ಸೆರಗು ಹಿಡಿದುಕೊಂಡು, "ಇದ್ ನೆಂಟ್ರ್ ಬಪ್ಪ ಬಾಗ್ಲ್. ನೀ ಹಿಂದ್ ಬಾ," ಎಂದಳಂತೆ. ಅಕ್ಕುವಿಗೆ ಒಮ್ಮೆ ಹೇಳಿದರೆ ಸಾಕು. ಅಂದಿನಿಂದ ಹಿಂದೆಯೇ. ವ್ಯಾಪಾರ ಮುಗಿದ ಮೇಲೆ ಕೈ ತೊಳೆಯಲು ನೀರು ಬೇಕೆಂದರೆ ಚಂದ್ರಮತಿ ಚೊಂಬನ್ನು ಮೇಲೆತ್ತಿ ದೂರದಿಂದ ಹೊಯ್ಯುತ್ತಾಳೆ. ಅರ್ಧ ಕೈಗೆ ಬೀಳುತ್ತದೆ, ಅರ್ಧ ಸೀರೆಗೆ. ಅಕ್ಕು ಗೇಟು ದಾಟುವುದರೊಳಗೆ ಅವಳು ಕೂತ ಜಾಗಕ್ಕೆ ಕೊಡಪಾನದಲ್ಲಿ ನೀರು ಬೀಳುವ ಸದ್ದು ಕೇಳುತ್ತದೆ.

ಅದೇ ಹಿತ್ತಿಲಿನಲ್ಲಿ ಬ್ರೂನೋ. ಕುತ್ತಿಗೆ ದಪ್ಪದ ಕಪ್ಪು ನಾಯಿ, ಬೆಂಗಳೂರಿನಿಂದ ಕಾರಿನಲ್ಲಿ ಬಂದದ್ದು. ಅದರ ಅಪ್ಪ, ಅಮ್ಮ, ಅಜ್ಜ ಯಾರೆಂಬುದಕ್ಕೆಲ್ಲ ಕಾಗದ ಉಂಟು. ಡಾಕ್ಟರು ಮನೆಗೇ ಬಂದು ನೋಡಿ ಹೋಗುತ್ತಾರೆ. ಎದುರಿನ ಗೇಟಿಗೆ ಕೆಂಪು ಅಕ್ಷರದ ಬೋರ್ಡು: 'ನಾಯಿ ಇದೆ, ಎಚ್ಚರಿಕೆ'. ನಾಯಿಯ ಗೂಡು ಇರುವುದು ಮಾತ್ರ ಹಿಂದೆ. ಎಚ್ಚರಿಕೆ ನೆಂಟರಿಗೆ, ನಾಯಿ ಮೀನಿನವಳಿಗೆ. ಹಂಚುವುದರಲ್ಲಿ ಆ ಮನೆಯವರು ಮೊದಲಿನಿಂದಲೂ ಹೀಗೆಯೇ.

ನಮ್ಮ ವ್ಯಾಪಾರದಲ್ಲಿ ಕೊಸರು ಎಂದು ಒಂದುಂಟು. ಮೀನು ಕೊಟ್ಟ ಮೇಲೆ ಮೇಲಿಂದ ಒಂದೆರಡು ಸಣ್ಣ ಮೀನು ಬಿಟ್ಟಿ ಹಾಕುವುದು. ಚಂದ್ರಮತಿ ತನ್ನ ಕೊಸರು ತೆಗೆದುಕೊಂಡು, ಮತ್ತೆ ಬ್ರೂನೋಗೆಂದು ಇನ್ನೊಂದು ಕೊಸರು ಕೇಳುತ್ತಿದ್ದಳು. ಅಕ್ಕು ಹಾಕುತ್ತಿದ್ದಳು. ನಾಲ್ಕು ಬೂತಾಯಿ, ಅಂಜಲಿನ ಕಿವಿರು, ಏನಾದರೂ. ಸಂಕೋಲೆಯಲ್ಲಿ ಕಟ್ಟಿ ಹಾಕಿದ್ದ ನಾಯಿ ಅದನ್ನು ಗುಳುಂ ಮಾಡುತ್ತಿತ್ತು. ಹೀಗೆ ಅದು ಅಕ್ಕುವಿನ ಉಪ್ಪು ತಿಂದು ಬೆಳೆದ ನಾಯಿ.

ಆ ದಿನ ಕಾರುಣ್ಯದಲ್ಲಿ ನೆಂಟರ ಊಟ. ದೊಡ್ಡ ಅಂಜಲ್ ಬೇಕೆಂದು ಚಂದ್ರಮತಿ ಹಿಂದಿನ ದಿನವೇ ಫೋನು ಮಾಡಿ ಹೇಳಿದ್ದಳು. ಅಕ್ಕು ಬಂದರಿನಲ್ಲಿ ಜಗಳಾಡಿ ಒಳ್ಳೆಯದನ್ನೇ ಹಿಡಿದಳು. ಹಿತ್ತಿಲಲ್ಲಿ ತೆಂಗಿನಕಾಯಿ ಕದಿಯುತ್ತಾರೆಂದು ಸುಧಾಕರಣ್ಣ ಬ್ರೂನೋನನ್ನು ಬಿಚ್ಚಿ ಬಿಟ್ಟಿದ್ದ. ಇದು ಅಕ್ಕುವಿಗೆ ಗೊತ್ತಿಲ್ಲ. ಫೋನಿನಲ್ಲಿ ಮೀನಿನ ತೂಕ ಹೇಳಿದವಳು ನಾಯಿ ಬಿಚ್ಚಿದ ಸುದ್ದಿ ಹೇಳಲಿಲ್ಲ.

ಅಕ್ಕು ಸಣ್ಣ ಗೇಟು ದೂಡಿ ಒಳಗೆ ಬಂದಳು. ನಾಯಿ ಬಂತು. ಬುಟ್ಟಿ ಎಸೆದಿದ್ದರೆ ಅದು ಮೀನಿಗೆ ಬಾಯಿ ಹಾಕುತ್ತಿತ್ತು, ಇವಳು ಹೊರಗೆ ಓಡುತ್ತಿದ್ದಳು. ಅವಳು ಎಸೆಯಲಿಲ್ಲ. ತಲೆಯ ಮೇಲಿನದು ಇನ್ನೊಬ್ಬರ ಮನೆಯ ಊಟ ಎಂದು ಎರಡೂ ಕೈಯಲ್ಲಿ ಬುಟ್ಟಿಯನ್ನು ಗಟ್ಟಿ ಹಿಡಿದು ನಿಂತಳು. ಮೀನು ಬೀಳಬಾರದು ಎಂದು ನಮಗೆಲ್ಲ ಅವಳು ಕಲಿಸಿದ ಪಾಠವೇ ಅದು. ಕೈ ಎರಡೂ ಮೇಲೆ. ಕಾಲು ಎರಡೂ ನಾಯಿಗೆ. ಅದು ಎಡಗಾಲಿನ ಮೀನಖಂಡವನ್ನು ಕಚ್ಚಿ ಹಿಡಿದು ಕೊಡವಿತು. ಮಾಂಸ ಹರಿದು ಬಂತು.

ಚಂದ್ರಮತಿ ಓಡಿ ಬಂದಳು. ಬಂದವಳು ಮೊದಲು ನಾಯಿಯ ಬಾಯಿ ಹಿಡಿದು ನೋಡಿದಳು, ರಕ್ತ ಅದರದ್ದೇನಾದರೂ ಇರಬಹುದೇ ಎಂದು. ಅಲ್ಲವೆಂದು ತಿಳಿದ ಮೇಲೆ ಅವಳಿಗೆ ಸಮಾಧಾನವಾಯಿತು. ಬ್ರೂನೋ ಹಾಗೆಲ್ಲ ಯಾರಿಗೂ ಮಾಡುವುದಿಲ್ಲ, ಇವತ್ತು ಏನಾಯಿತೋ ಎಂದಳು. ಅಕ್ಕು ಬುಟ್ಟಿಯನ್ನು ನಿಧಾನ ಇಳಿಸಿ, ಬಟ್ಟೆಯ ಕಲ್ಲಿನ ಮೇಲೆ ಕೂತು, ಅಲ್ಲೇ ಇದ್ದ ಬಾರ್ ಸೋಪಿನಿಂದ ತನ್ನ ಗಾಯವನ್ನು ತಾನೇ ತಿಕ್ಕಿ ತೊಳೆದಳು. ನೀರು ಮೇಲಿಂದ ಬೀಳುತ್ತಿತ್ತು. ಅಂಥ ಹೊತ್ತಿನಲ್ಲೂ ಚೊಂಬು ಕೆಳಗಿಳಿಯಲಿಲ್ಲ. ಸ್ಟ್ಯಾಂಡಿನಿಂದ ಪಾಂಡುವಿನ ರಿಕ್ಷಾ ಬರುವವರೆಗೆ ಅವಳು ಅಲ್ಲೇ ಕೂತಿದ್ದಳು. ರಿಕ್ಷಾ ಹತ್ತುವಾಗ ಹಿಂದಿನಿಂದ ಚಂದ್ರಮತಿ ಕೇಳಿದಳು, "ಅಂಜಲ್ ತುಂಡ್ ಮಾಡಿ ಕೊಟ್ಟಿಕಿ ಹೋಪುಕೆ ಆತ್ತಿಲ್ಯಾ?"

ಕಾಲು ಹರಿದವಳು ಮೀನು ತುಂಡು ಮಾಡಿ ಕೊಟ್ಟು ಹೋಗಬೇಕಂತೆ. ಪಾಂಡು ಇದನ್ನು ಹೇಳಿದಾಗ ನನ್ನ ಮೈ ಉರಿದು ಹೋಯಿತು. ಈಗ ಬರೆಯುವಾಗಲೂ ಉರಿಯುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಗಾಯದ ಸುತ್ತ ಇಂಜೆಕ್ಷನ್ ಚುಚ್ಚಿದರು. ಕಡಲು ಕಂಡು ಹೆದರದ ಹೆಂಗಸು ನನ್ನ ಕೈ ಹಿಂಡಿ ಕೂಗಿದಳು. ಮತ್ತೆ ಮತ್ತೆ ಚುಚ್ಚಿಸಿಕೊಳ್ಳಲು ಹೋಗಬೇಕಾಯಿತು, ಪ್ರತಿ ಸಲವೂ ಸಾಲು. ಮನೆಗೇ ಡಾಕ್ಟರು ಬರುವುದು ನಾಯಿಗೆ ಮಾತ್ರ. ಕಾಲು ಊದಿಕೊಂಡು ಕುಂಬಳಕಾಯಿ ಆಯಿತು. ನಿಂತರೆ ನೋವು, ಮಲಗಿದರೆ ಸೆಳೆತ. ಬುಟ್ಟಿ ಮೂಲೆಯಲ್ಲಿ ಒಣಗಿತು. ಅವಳ ಓಣಿಗೂ ನಾನೇ ಹೋದೆ. ಎರಡು ಓಣಿ ತಿರುಗಿ ನನ್ನ ಕುತ್ತಿಗೆ ಹಿಡಿದುಕೊಂಡಾಗ, ಇವಳು ಇಷ್ಟು ವರ್ಷ ಹೇಗೆ ಹೊತ್ತಳು ಎಂದು ಅನ್ನಿಸಿತು.

ಠಾಣೆಗೆ ಹೋದೆವು. ಸಾಕಿದ ಪ್ರಾಣಿಯನ್ನು ಜವಾಬ್ದಾರಿಯಿಲ್ಲದೆ ಬಿಟ್ಟು ಇನ್ನೊಬ್ಬರಿಗೆ ಗಾಯವಾದರೆ ಅದು ಅಪರಾಧ ಎಂದು ನಾನು ಓದಿದ್ದೆ. ಹೇಳಿದೆ. ಅಲ್ಲಿದ್ದವರು ನಾನು ಜೋಕು ಹೇಳಿದೆನೆಂಬಂತೆ ನಕ್ಕರು. ಸುಧಾಕರಣ್ಣ ಒಳ್ಳೆಯ ಜನ, ಕೂತು ಮಾತಾಡಿ ಮುಗಿಸಿ ಎಂದರು. ಹಾಗಾಗಿ ಮಾತುಕತೆ, ಕಾರುಣ್ಯದಲ್ಲಿ.

ಆ ದಿನ ಅಕ್ಕು ಒಳ್ಳೆಯ ಸೀರೆ ಉಟ್ಟು, ನನ್ನ ಭುಜ ಹಿಡಿದು, ಕುಂಟುತ್ತ ಬಂದಳು. ಎದುರಿನ ಗೇಟು ತೆರೆದೇ ಇತ್ತು. ಅವಳ ಕಾಲು ತನ್ನಷ್ಟಕ್ಕೆ ಪಕ್ಕದ ದಾರಿಗೆ ತಿರುಗಿತು. ನಾಯಿ ಹರಿದ ಕಾಲೇ ನಾಯಿಯ ದಾರಿ ಹಿಡಿಯಿತು. ನಾನು ಎಳೆದು ಎದುರಿಗೆ ತಂದೆ. ಮೆಟ್ಟಿಲ ಹತ್ತಿರ ನಿಲ್ಲಿಸಿದರು. ಅವಳು ಕಾಲು ನೋವೆಂದು ಕೆಳಗಿನ ಮೆಟ್ಟಿಲಿನಲ್ಲಿ ಕೂತಾಗ ಚಂದ್ರಮತಿ ಗಂಡನ ಮುಖ ನೋಡಿದಳು, ಗಂಡ ನೋಡದವನಂತೆ ಮಾಡಿದ.

ನ್ಯಾಯ ಹೇಳಲು ಬಂದವರು ವಕೀಲ ರಾಜೇಂದ್ರ. ಚಂದ್ರಮತಿಯ ಅಣ್ಣ. ಮಾಜಿ ಪಂಚಾಯಿತಿ ಸದಸ್ಯರೊಬ್ಬರು ತಲೆಯಾಡಿಸಲು ಬಂದಿದ್ದರು. ವಕೀಲರ ಮಾತು ಬಹಳ ಮೃದು. ಬೆಣ್ಣೆ ಹಚ್ಚಿದ ಹಾಗೆ ಮಾತಾಡುತ್ತಾರೆ, ಹಚ್ಚಿದ್ದು ಎಲ್ಲಿಗೆಂದು ಮನೆಗೆ ಹೋದ ಮೇಲೆ ತಿಳಿಯುತ್ತದೆ. ನಾಯಿಯ ಮಾಲೀಕನ ಹೊಣೆ ಇದ್ದೇ ಇದೆ, ಅಲ್ಲವೆನ್ನುವುದಿಲ್ಲ ಎಂದು ಶುರು ಮಾಡಿದರು. ಆದರೆ ಕಾನೂನಿನಲ್ಲಿ ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್ ಎಂದು ಒಂದಿದೆಯಂತೆ. ಅಂದರೆ ಕಚ್ಚಿದ್ದರಲ್ಲಿ ಕಚ್ಚಿಸಿಕೊಂಡವರದ್ದೂ ಒಂದು ಪಾಲು.

ಆಮೇಲೆ ಅಕ್ಕುವಿನ ಪಾಲನ್ನು ಬಿಡಿಸಿ ಇಟ್ಟರು. ಗೇಟಿನಲ್ಲಿ ಬೋರ್ಡು ಇದೆ, ಅವಳು ಓದಲಿಲ್ಲ. ಮೀನಿನ ವಾಸನೆ ಹೊತ್ತುಕೊಂಡು ನಾಯಿಯ ಹತ್ತಿರ ಹೋದಳು, ಅದರಿಂದ ಪ್ರಾಣಿ ಕೆರಳಿತು. ದಿನಾ ಮೀನು ಹಾಕಿ ಅದಕ್ಕೆ ರುಚಿ ಹತ್ತಿಸಿದವಳೂ ಅವಳೇ. ಎಲ್ಲಕ್ಕಿಂತ ಮುಖ್ಯ, ಹೇಳದೆ ಕೇಳದೆ ಹಿತ್ತಿಲಿನಿಂದ ನುಗ್ಗಿದಳು. ಹಿಂದಿನಿಂದ ಬರುವವರನ್ನು ನಾಯಿ ಕಳ್ಳರೆಂದು ತಿಳಿಯುವುದು ಸಹಜ. ಹಾಗಾದರೆ ಮೀನಿನವಳು ಮಲ್ಲಿಗೆಯ ವಾಸನೆ ಹೊತ್ತು ಬರಬೇಕಿತ್ತೇ ಎಂದು ನಾನು ಕೇಳಿದೆ. ವಿಷಯ ಬಿಟ್ಟು ಹೋಗಬೇಡ ಎಂದು ಅವರು ನಕ್ಕರು. ಕೊಸರು ಕೇಳಿ ಹಾಕಿಸಿಕೊಂಡವರು ಯಾರು ಎಂದೆ. ಚಂದ್ರಮತಿ ಒಳಗೆ ಕಾಫಿ ತರಲು ಹೋದಳು.

ತೀರ್ಮಾನ ಹೀಗಾಯಿತು. ತಪ್ಪು ಅರ್ಧ ಅರ್ಧ, ಆದ್ದರಿಂದ ಔಷಧಿಯ ಖರ್ಚಿನಲ್ಲಿ ಅರ್ಧ ಸುಧಾಕರಣ್ಣ ಕೊಡುವುದು. ಸರ್ಕಾರಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಬಿಟ್ಟಿ. ಬಿಟ್ಟಿಯಲ್ಲಿ ಅರ್ಧ ಎಷ್ಟೆಂದು ಮಾಜಿ ಸದಸ್ಯರನ್ನು ನಾನು ಕೇಳಿದೆ, ಅವರು ಅದಕ್ಕೂ ತಲೆಯಾಡಿಸಿದರು. ಹೋದ ದುಡಿಮೆ, ಪಟ್ಟ ನೋವು, ಹರಿದ ಮಾಂಸ, ಇವು ಲೆಕ್ಕಕ್ಕೆ ಬರಲಿಲ್ಲ. ಬದಲಿಗೆ, ನನ್ನದೂ ತಪ್ಪಿತ್ತು, ಇನ್ನು ದೂರಿಲ್ಲ ಎಂದು ಅಕ್ಕು ಹೆಬ್ಬೆಟ್ಟು ಒತ್ತಬೇಕು. ಇಂಕಿನ ಪ್ಯಾಡನ್ನು ಅವರು ತಂದೇ ಇದ್ದರು.

ಅಕ್ಕು ಮೆಟ್ಟಿಲಿನಲ್ಲೇ ಕಾಲು ಚಾಚಿದಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಪಟ್ಟಿ ಬಿಚ್ಚಿದಳು. ವಕೀಲರು ಮುಖ ತಿರುಗಿಸಿದರು.

"ತಪ್ಪ್ ಅರ್ಧ ನಂದಾರೆ, ಗಾಯ ಅರ್ಧ ನಿಮ್ದ್ ಆಯ್ಕ್ ಅಲ್ದಾ?" ಎಂದಳು. "ಯಾರಿಗ್ ಕೊಡ್ಲಿ ಹೇಳಿ."

ಅವಳು ಪಟ್ಟಿಯನ್ನು ಮತ್ತೆ ಸುತ್ತಿಕೊಂಡು ವಕೀಲರ ಕಡೆ ತಿರುಗಿದಳು. ಹಿಂದಿನಿಂದ ಬಂದದ್ದೇ ತನ್ನ ದೊಡ್ಡ ತಪ್ಪೇ ಎಂದು ಕೇಳಿದಳು. ವಕೀಲರಿಗೆ ಖುಷಿಯಾಯಿತು, ಹೆಂಗಸು ದಾರಿಗೆ ಬಂದಳೆಂದು.

"ಹೌದು ಅಕ್ಕು. ಮನೆಗೆ ದಾರಿ ಅಂತ ಇರೂದು ಎದುರಿನ ಗೇಟು. ಅಲ್ಲಿಂದ ಬಂದು ಬೆಲ್ ಒತ್ತಿದ್ರೆ ನಿನ್ನ ಮೇಲೆ ಯಾರೂ ಒಂದು ಮಾತು ಹೇಳುಹಾಗಿಲ್ಲ."

ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಚಂದ್ರಮತಿ ಅಣ್ಣನನ್ನು ಕಣ್ಣಲ್ಲೇ ತಡೆಯಲು ನೋಡಿದಳು. ಅವರು ಆಗಲೇ ಹೇಳಿ ಆಗಿತ್ತು.

"ಆಯ್ತ್. ನೆನ್ಪಿಟ್ಕಂತೆ," ಎಂದು ಅಕ್ಕು ಎದ್ದಳು. ಇಂಕಿನ ಪ್ಯಾಡು ಅಲ್ಲೇ ಉಳಿಯಿತು. ಸುಧಾಕರಣ್ಣ ಹಿಂದಿನಿಂದ, ನಾಯಿಗೆ ಇರುವ ಋಣ ಈ ಜನಕ್ಕಿಲ್ಲ ಎಂದದ್ದು ಗೇಟಿನವರೆಗೂ ಕೇಳಿಸಿತು.

ಬಸ್ಸಿನಲ್ಲಿ ನಾನು ಅವಳಿಗೆ ಬೈದೆ. ಅಲ್ಲಿ ಕೂಗಾಡಬೇಕಿತ್ತು, ಓಣಿಯೆಲ್ಲ ಕೇಳುವ ಹಾಗೆ ಶಾಪ ಹಾಕಬೇಕಿತ್ತು, ನೆನಪಿಟ್ಟುಕೊಳ್ಳುತ್ತೇನೆ ಎಂದು ಸಪ್ಪಗೆ ಬರುವುದಕ್ಕೆ ಅಷ್ಟು ದೂರ ಹೋಗಬೇಕಿತ್ತೇ ಎಂದೆ. ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಳು. ಅವಳು ಸೋತು ಹೋದಳೆಂದು ನಾನು ತಿಳಿದೆ. ಕುಂದಾಪುರದಲ್ಲಿ ಶರಣ್ಯಾ ಎಂಬ ಹುಡುಗಿ ವಕೀಲೆ ಇದ್ದಾಳೆ, ಬಡವರ ಕೇಸನ್ನು ಬಿಟ್ಟಿ ನಡೆಸುತ್ತಾಳೆ. ಅಕ್ಕುವನ್ನು ಅವಳ ಹತ್ತಿರ ಕರೆದುಕೊಂಡು ಹೋದೆ. ಫೋನು ಮಾಡಿ ಕರೆಸಿದವಳನ್ನು ನುಗ್ಗಿದಳು ಎನ್ನಲು ಬರುವುದಿಲ್ಲ, ದಿನಾ ಹಿಂದಿನಿಂದಲೇ ಬಾ ಎಂದವರು ಹಿಂದಿನಿಂದ ಬಂದದ್ದನ್ನು ತಪ್ಪೆಂದರೆ ಕೋರ್ಟಿನಲ್ಲಿ ಉತ್ತರ ಕೊಡಬೇಕಾಗುತ್ತದೆ ಎಂದು ಶರಣ್ಯಾ ಹೇಳಿದಳು. ಕೇಸು ಹಾಕಿದ್ದಾಳೆ. ಅದು ನಡೆಯುತ್ತ ಇದೆ. ಕೋರ್ಟಿನ ವಿಷಯ, ಬ್ರೂನೋನ ಮೊಮ್ಮಕ್ಕಳು ಕಚ್ಚುವ ಹೊತ್ತಿಗೆ ಮುಗಿದೀತು.

ಅಕ್ಕುವಿಗೆ ಅಲ್ಲಿಯವರೆಗೆ ಕಾಯುವ ಮನಸ್ಸಿರಲಿಲ್ಲ.

ಕಾಲು ಊರುವ ಹಾಗಾದ ಕೂಡಲೇ ಅವಳು ಬುಟ್ಟಿ ತೊಳೆದಳು. ಒಂದು ಭಾನುವಾರ ನನಗೂ ತನ್ನ ಓಣಿಗೆ ಬರಲು ಹೇಳಿದಳು. ಮೀನಖಂಡ ಇದ್ದಲ್ಲಿ ಈಗ ಗುಳಿ. ಹೆಜ್ಜೆ ಇಡುವಾಗ ಬುಟ್ಟಿ ಒಂದು ಬದಿಗೆ ವಾಲುತ್ತದೆ. ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ನಾನು ಹೊರುತ್ತೇನೆಂದರೆ ಕೊಡಲಿಲ್ಲ. ಕಾರುಣ್ಯದ ಪಕ್ಕದ ದಾರಿ ಬಂತು. ಅವಳ ಕಾಲು ಈ ಸಲ ತಿರುಗಲಿಲ್ಲ. ಎದುರಿನ ಗೇಟಿನ ಮುಂದೆ ನಿಂತಳು.

"ಹಲ್ಗೆಲ್ ಎಂತ ಬರ್ದಿತ್ತ್? ಓದ್," ಎಂದಳು.

ಓದಿದೆ.

"ಗಟ್ಟಿ ಓದ್. ಒಳ್ಗ್ ಇಪ್ಪರಿಗ್ ಕೇಣ್ಕ್."

ನಾಯಿ ಇದೆ ಎಚ್ಚರಿಕೆ ಎಂದು ನಾನು ಮೀನು ಕೂಗುವ ದನಿಯಲ್ಲಿ ಕೂಗಿದೆ. ಆ ದನಿಗೆ ಓಣಿಯ ಕೊನೆಯ ಬೆಕ್ಕೂ ಎದ್ದು ಬರುತ್ತದೆ. ಅಕ್ಕಪಕ್ಕದ ಮನೆಯವರು ಗೇಟಿಗೆ ಬಂದರು. ಅಕ್ಕು ಗೇಟು ತೆರೆದು, ಇಂಟರ್‌ಲಾಕ್ ಹಾಕಿದ ಅಂಗಳದ ನಟ್ಟನಡುವೆ ಕುಂಟುತ್ತ ಹೋಗಿ, ಮೆಟ್ಟಿಲು ಹತ್ತಿ, ಗ್ರಾನೈಟಿನ ಮೇಲೆ ಬುಟ್ಟಿ ಇಳಿಸಿ, ಬೆಲ್ ಒತ್ತಿದಳು. ಬುಟ್ಟಿಯಿಂದ ನೀರು ಸೋರಿ ಹೊಳೆಯುವ ಕಲ್ಲಿನ ಮೇಲೆ ಹರಿಯಿತು.

ಚಂದ್ರಮತಿ ಬಾಗಿಲು ತೆರೆದಳು. ಒಳಗೆ ಸೋಫಾದಲ್ಲಿ ಸುಧಾಕರಣ್ಣ, ಪಕ್ಕದಲ್ಲಿ ಭಾನುವಾರದ ಊಟಕ್ಕೆ ಬಂದ ವಕೀಲ ರಾಜೇಂದ್ರ. ಚಂದ್ರಮತಿ ದನಿ ತಗ್ಗಿಸಿ, ಇದೆಂಥದ್ದು, ಹಿಂದೆ ಬಾ ಎಂದಳು.

"ವಕೀಲ್ರ್ ಅಲ್ಲೇ ಇದ್ರಲ್ದಾ, ಕೇಣಿ," ಎಂದಳು ಅಕ್ಕು. "ಹಿಂದ್ ಬಂದ್ರೆ ತಪ್ಪ್ ನಂದಾತ್ತ್ ಅಂಬ್ರ್. ಆ ತಪ್ಪ್ ಇನ್ ನಾ ಮಾಡುದಿಲ್ಲೆ."

ಚಂದ್ರಮತಿ ಅಣ್ಣನ ಕಡೆ ನೋಡಿದಳು. ಅಣ್ಣನಿಗೆ ಅದೇ ಗಳಿಗೆಯಲ್ಲಿ ಫೋನಿನಲ್ಲಿ ಬಹಳ ಮುಖ್ಯವಾದದ್ದೇನೋ ಕಂಡಿತು. ಅಕ್ಕು ಬುಟ್ಟಿಯ ಬಟ್ಟೆ ಸರಿಸಿದಳು. ಮೇಲೆಯೇ ಕಾಣೆ ಮೀನು ಮಲಗಿತ್ತು, ಮೊಣಕೈ ಉದ್ದದ್ದು. ಬಾಯಿಗೆ ಹೋಗುವಾಗ ವಾಸನೆ ಇಲ್ಲವೆಂದು ಮೊದಲೇ ಹೇಳಿದೆನಲ್ಲ. ಚಂದ್ರಮತಿ ಒಮ್ಮೆ ಓಣಿಯನ್ನು, ಒಮ್ಮೆ ಕಾಣೆಯನ್ನು ನೋಡಿದಳು. ಕಾಣೆ ಗೆದ್ದಿತು. ತನ್ನದೇ ಸಿಟೌಟಿನಲ್ಲಿ ಅಕ್ಕುವಿನ ಎದುರು ಕುಕ್ಕರುಗಾಲಲ್ಲಿ ಕೂತು ಕಿವಿರು ಎತ್ತಿ ನೋಡಿದಳು.

ವ್ಯಾಪಾರವಾಯಿತು. ಅಭ್ಯಾಸಬಲದಿಂದ ಅವಳು ಬ್ರೂನೋನ ಕೊಸರು ಕೇಳಿದಳು. ರುಚಿ ಹತ್ತಿಸಿದ ತಪ್ಪೂ ತನ್ನ ಪಾಲಿಗೇ ಬಂದಿದೆ, ಅದನ್ನೂ ಇನ್ನು ಮಾಡುವುದಿಲ್ಲ ಎಂದು ಅಕ್ಕು ಬಟ್ಟೆ ಮುಚ್ಚಿದಳು. ಹಿತ್ತಿಲಿನಿಂದ ಸಂಕೋಲೆಯ ಸದ್ದು, ಬೊಗಳುವುದು ಕೇಳುತ್ತಿತ್ತು. ಈಗ ಕಟ್ಟಿ ಹಾಕಿದ್ದರು.

ಕೈ ತೊಳೆಯಲು ನೀರು ಕೇಳಿದಳು. ಚಂದ್ರಮತಿ ಚೊಂಬು ತಂದು, ಎಂದಿನಂತೆ ಮೇಲೆತ್ತಿ ಓರೆ ಮಾಡಿದಳು. ಅಕ್ಕು ಕೈ ಹಿಂದೆಳೆದುಕೊಂಡಳು. ನೀರು ಕಲ್ಲಿನ ಮೇಲೆ ಬಿತ್ತು.

"ಮೇಲಿಂದ ಹೊಯ್ಬೇಡಿ. ಚೊಂಬ್ ಕೈಗ್ ಕೊಡಿ."

ಗೇಟಿನ ಹೊರಗೆ ಓಣಿ ನಿಂತು ನೋಡುತ್ತಿತ್ತು. ಒಳಗೆ ವಕೀಲರು ಫೋನು ನೋಡುತ್ತಿದ್ದರು. ಚಂದ್ರಮತಿ ಚೊಂಬು ಕೊಟ್ಟಳು. ಅಕ್ಕು ಕೈ ತೊಳೆದಳು. ಆಮೇಲೆ ಸೀರೆ ಎತ್ತಿ, ಎಡಗಾಲನ್ನು ಮುಂದೆ ಚಾಚಿ, ಆ ಗುಳಿಯ ಮೇಲೆ ನಿಧಾನ ನೀರು ಹೊಯ್ದು, ತಿಕ್ಕಿ ತಿಕ್ಕಿ ತೊಳೆದಳು. ಅಂದು ಹಿತ್ತಿಲ ಕಲ್ಲಿನ ಮೇಲೆ ತೊಳೆದದ್ದನ್ನೇ ಇಂದು ಎದುರು ಬಾಗಿಲಲ್ಲಿ, ಎಲ್ಲರ ಕಣ್ಣೆದುರು ತೊಳೆದಳು. ಆ ನೀರು ಮೆಟ್ಟಿಲು ಇಳಿದು, ಅಂಗಳ ದಾಟಿ, ಬೋರ್ಡಿನ ಕೆಳಗೆ ಹರಿದು ಹೋಯಿತು. ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ.

ಖಾಲಿ ಚೊಂಬನ್ನು ಅವಳು ಚಂದ್ರಮತಿಯ ಕೈಗೇ ಕೊಟ್ಟಳು. ಬುಟ್ಟಿ ಎತ್ತಲು ನನ್ನ ಕೈ ಕೇಳಿದಳು. ಹೊರಗೆ ಬಂದು, ಪಕ್ಕದ ಮನೆಯ ಎದುರು ಗೇಟಿನ ಮುಂದೆ ಹೋಗಿ ನಿಂತಳು. ಅಲ್ಲಿ ನಿಂತು ನೋಡುತ್ತಿದ್ದವರು ಅವಸರದಲ್ಲಿ ಒಳಗೆ ಹೋದರು.

"ಇಲ್ ಎಂತ ಬರ್ದಿರ್?" ಎಂದಳು. "ಓದ್."